ಮಾಡದ ತಪ್ಪಿಗೆ ಮಾಫಿ

ಕಬ್ಬಿಣದ ಹಾರೆ ಮೊದಲು ಕಂಪ್ಯೂಟರಿನ ಮೇಲೆ ಬಿತ್ತು. ಅದರ ಗಾಜು ಸಿಡಿದು ಅರುಣಾಳ ಕೆನ್ನೆ ಸೀಳಿತು.

ಏನಾಯಿತೆಂದು ಅವಳಿಗೆ ತಿಳಿಯುವಷ್ಟರಲ್ಲಿ ಆ ಮನುಷ್ಯ ಮತ್ತೆ ಹಾರೆ ಎತ್ತಿದ್ದ. ಎತ್ತರದ ಆಳು. ಅಂಗಿಯ ಮುಂಭಾಗದಲ್ಲೆಲ್ಲ ಒಣಗಿದ ರಕ್ತ. ಆ ರಕ್ತ ಅವನದಲ್ಲ ಎಂದು ಅವಳಿಗೆ ಹೇಗೋ ಗೊತ್ತಾಯಿತು.

"ನನ್ನ ತಮ್ಮನ್ನ ಕಲ್ಲಿನ ಖಣಿಗೆ ಹಾಕಿದಾಕಿ ನೀನ ಏನು?"

ಅರುಣಾ ಗೋಡೆಗೆ ಒರಗಿದಳು. ಹಿಂದಿನ ಬಾಗಿಲು ತೆರೆದೇ ಇತ್ತು, ಓಡಬಹುದಿತ್ತು. ಅವಳು ಓಡಲಿಲ್ಲ.

"ಯಾರು ನಿಮ್ಮ ತಮ್ಮ?"

"ಯುವರಾಜ, ಬ್ಯಾಡಗಿಯಾಂವ." ಅವನ ದನಿ ಒಡೆಯಿತು. "ಬಲಗೈ ಹೋತು ಅಂವಂದು... ಬಾವುಟ ಹಿಡಿಯೋ ಹುಡುಗನ್ನ ಮದ್ದು ಸಿಡಿಸೋ ಜಾಗಾಕ್ಕ ಹಾಕೀರಲ್ಲ, ಕಣ್ಣು ಕುರುಡ ಅದಾವೇನು ನಿಮ್ಮವು?"

ಅಷ್ಟರಲ್ಲಿ ಕಾವಲುಗಾರರು ನುಗ್ಗಿದರು. ಲಾಠಿ ಬೆನ್ನಿಗೆ ಬಿತ್ತು, ಮೊಣಕಾಲಿಗೆ ಬಿತ್ತು, ಬಾಯಿಗೆ ಬಿತ್ತು. ಅವನು ತಿರುಗಿ ಹೊಡೆಯಲಿಲ್ಲ. ನೆಲಕ್ಕೆ ಬಿದ್ದ ಮೇಲೂ ಅವಳನ್ನೇ ನೋಡುತ್ತಿದ್ದ.

"ಸಾಕ್ ಬಿಡ್ರಿ," ಎಂದಳು ಅರುಣಾ. ಯಾರೂ ಕೇಳಲಿಲ್ಲ.

ಆಫೀಸಿನ ಕಸ ಗುಡಿಸಿ ಚಹಾ ಕಾಸುವ ಮೆಹಬೂಬಿ ಕಿಟ್ಲಿ ಹಿಡಿದು ಬಂದವಳು ಒಂದು ಕ್ಷಣ ನಿಂತು ನೋಡಿದಳು. ಆಮೇಲೆ ಕುದಿಯುವ ಚಹಾವನ್ನು ಒಬ್ಬ ಕಾವಲುಗಾರನ ಕಾಲ ಮೇಲೆ ಸುರಿದಳು. ಲಾಠಿ ನಿಂತಿತು.

"ಕೈ ಜಾರ್ತು ನೋಡಪಾ," ಎಂದಳು, ಮುಖದಲ್ಲಿ ಒಂದಿಷ್ಟೂ ಪಶ್ಚಾತ್ತಾಪವಿಲ್ಲದೆ.

ಅದು 2007ರ ಮುಂಗಾರು. ಹಾವೇರಿಯಿಂದ ರಾಣೆಬೆನ್ನೂರಿನ ಆಚೆಗೂ ಹೆದ್ದಾರಿ ಅಗಲವಾಗುತ್ತಿದ್ದ ಕಾಲ. ಅರುಣಾ ಅಗಡಿಯಿಂದ ದಿನಾ ಬಸ್ಸಿನಲ್ಲಿ ಬಂದು ಆ ರಸ್ತೆ ಕಂಪನಿಯ ಹಾವೇರಿ ಆಫೀಸಿನಲ್ಲಿ ಕೂರುತ್ತಿದ್ದಳು. ಯಾರು ಯಾವ ಕೆಲಸಕ್ಕೆ ಎಂದು ಇಟ್ಟುಕೊಳ್ಳುವ ದೊಡ್ಡ ಸಾಫ್ಟ್‌ವೇರ್ ಪುಣೆಯ ಮುಖ್ಯ ಕಚೇರಿಯಲ್ಲಿತ್ತು. ಅದಕ್ಕೆ ಎಪಿಐ ಎಂಬ ಒಂದು ಕಿಂಡಿ. ಹೊರಗಿನ ಪ್ರೋಗ್ರಾಂ ಆ ಕಿಂಡಿಯಲ್ಲಿ ಹೇಳಬೇಕು: ಈ ಕಾಮಗಾರಿ, ಈ ಕೆಲಸ, ಈ ಮನುಷ್ಯ, ಈ ದಿನದಿಂದ. ಹಾವೇರಿಯಲ್ಲಿ ಆ ಪ್ರೋಗ್ರಾಂ ಬರೆದವಳು ಅರುಣಾ.

ಅವಳಿಗೆ ಅದರ ಮೇಲೆ ಒಂದು ಗುಟ್ಟಿನ ಹೆಮ್ಮೆಯಿತ್ತು. ತರಬೇತಿ ಇಲ್ಲದವನ ಹೆಸರನ್ನು ಕಲ್ಲು ಸಿಡಿಸುವ ಕೆಲಸಕ್ಕೆ ಕೊಟ್ಟರೆ ಅದು ತೆಗೆದುಕೊಳ್ಳುತ್ತಿರಲಿಲ್ಲ, ವಾಪಸ್ ತಳ್ಳುತ್ತಿತ್ತು. ಯುವರಾಜನನ್ನು ಅವಳು ಹಾಕಿದ್ದು ಮೋಟೆಬೆನ್ನೂರು ಕ್ರಾಸಿನಲ್ಲಿ ಕೆಂಪು ಬಾವುಟ ಹಿಡಿಯುವುದಕ್ಕೆ. ಹಾಗಾದರೆ ಆ ಹುಡುಗ ಖಣಿಗೆ ಹೇಗೆ ಹೋದ?

'ನಾನೇ ಎಲ್ಲೋ ತಪ್ಪಿದೆನಾ...'

ಕೆನ್ನೆಗೆ ಹೊಲಿಗೆ ಹಾಕಿಸಿಕೊಂಡು ಬಂದಾಗ ಮ್ಯಾನೇಜರ್ ಉಡಚಪ್ಪ ಪೊಲೀಸರನ್ನು ಕೂರಿಸಿಕೊಂಡಿದ್ದರು. "ಆ ಸುಭಾಷನ ಮ್ಯಾಲೆ ಕೇಸ್ ಬರಸವಾ. ಮತ್ತ ಯಾವನೂ ಬಾಗಿಲ ದಾಟಬಾರದು."

"ಈಗ ಬ್ಯಾಡ್ರಿ ಸರ್."

"ಮುಖಾ ಹರಿದಾನ ನಿಂದು."

"ಅಂವನ ತಮ್ಮ ದವಾಖಾನ್ಯಾಗ ಅದಾನ. ನಾ ಏನ್ ಮಾಡೇನಿ ಅನ್ನೂದು ಮೊದಲ ನನಗ ಗೊತ್ತಾಗ್ಲಿ. ಆಮ್ಯಾಲೆ ಅಂವ ಏನ್ ಮಾಡಿದ ಅಂತ ಹೇಳತೇನಿ."

*

ಹಾವೇರಿಯ ದವಾಖಾನೆಯಲ್ಲಿ ಯುವರಾಜ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ಬ್ಯಾಂಡೇಜು ಸುತ್ತಿದ ಬಲಗೈ ಮಣಿಕಟ್ಟಿಗೇ ಮುಗಿದಿತ್ತು. ಅವಳು ಯಾರೆಂದು ಹೇಳಿದಾಗ ಅವನ ಕಣ್ಣು ಅವಳ ಕೆನ್ನೆಯ ಪಟ್ಟಿಯ ಮೇಲೆ ನಿಂತಿತು.

"ಅಣ್ಣ ಮಾಡಿದ್ನೇನ್ರಿ ಅಕ್ಕಾರ?"

"ಹೂಂ."

ಹುಡುಗ ಅಳತೊಡಗಿದ. "ನಾ ಸುಳ್ಳು ಹೇಳೇನ್ರಿ. ಕಂಪ್ಯೂಟರ್‌ನ್ಯಾಗ ನನ್ನ ಹೆಸರು ಬಂದಿತ್ತು, ಅದಕ್ಕ ಖಣಿಗೆ ಕರಕೊಂಡು ಹೋದ್ರು ಅಂದ್ನಿ. ಕಂಪ್ಯೂಟರಿಗೆ ಯಾರು ಹೊಡಿತಾರ ಅಂತ ತಿಳಕೊಂಡಿದ್ನಿ... ಅದರ ಮುಂದ ಒಬ್ಬರು ಕುಂತಿರ್ತಾರ ಅನ್ನೂದು ನೆನಪ ಆಗಲಿಲ್ಲ."

"ಮತ್ತ ಖರೇ ಏನು?"

ಖರೇ ಸಂಗತಿ ಹೊಲದಲ್ಲಿ ಹುಟ್ಟಿದ್ದು. ಆ ಕಡೆ ಮುಯ್ಯಾಳು ಎನ್ನುತ್ತಾರೆ. ನನ್ನ ಹೊಲಕ್ಕೆ ನೀನು ದುಡಿಯಲು ಬಂದರೆ, ನಿನ್ನ ಕೆಲಸಕ್ಕೆ ನನ್ನ ಮನೆಯ ಒಬ್ಬ ಬರಬೇಕು. ಕೂಲಿಯಿಲ್ಲ, ಮಾತೇ ಎಲ್ಲ. ಖಣಿಯಲ್ಲಿ ತರಬೇತಿ ಪಡೆದ ಜಟ್ಟೆಪ್ಪ ಹಿಂದಿನ ಸುಗ್ಗಿಯಲ್ಲಿ ಸುಭಾಷನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಿಕೊಟ್ಟಿದ್ದ. ಆ ಮುಯ್ಯಿ ಹಾಗೇ ಉಳಿದಿತ್ತು.

"ಮಳಿ ಬಿತ್ತಲ್ರಿ, ಜಟ್ಟೆಪ್ಪಣ್ಣ ಬಿತ್ತಬೇಕಾಗಿತ್ತು. ಅಣ್ಣ ನನಗ, 'ರಜಾ ಐತಲ್ಲ, ಹೋಗಿ ಮುಯ್ಯಿ ತೀರಿಸಿ ಬಾ' ಅಂದ. ನಾ ಹೋದ್ರ ಜಟ್ಟೆಪ್ಪಣ್ಣ, 'ಕೂರಿಗಿ ನಾ ಹಿಡಿತೇನಿ, ನೀ ನನ್ನ ಕಾರ್ಡ್ ತಗೊಂಡು ಖಣಿಗೆ ನಡಿ, ಕಲ್ಲಿಗೆ ಕೊರದ ತೂತಿನ್ಯಾಗಿನ ಮಣ್ಣು ತಗಿಯೂದು ಅಷ್ಟ' ಅಂದ. ಒಂದ ತೂತಿನ್ಯಾಗ ಹಿಂದಿನ ದಿನದ ಮದ್ದು ಸಿಡೀದ ಉಳದಿತ್ರಿ... ಸಲಾಕಿ ಹಾಕಿದ್ನಿ."

ಅರುಣಾಳ ಎದೆಯಿಂದ ಒಂದು ಕಲ್ಲು ಇಳಿಯಿತು. ತಪ್ಪು ತನ್ನದಲ್ಲ. ಮರುಕ್ಷಣವೇ ಅದಕ್ಕಿಂತ ದೊಡ್ಡ ಕಲ್ಲು ಬಂದು ಕೂತಿತು. ಹುಡುಗ ಎಡಗೈಯಿಂದ ಅವಳ ಸೆರಗು ಹಿಡಿದಿದ್ದ.

"ಅಣ್ಣಗ ಹೇಳಬ್ಯಾಡ್ರಿ. ಅಪ್ಪ ಸತ್ತ ಮ್ಯಾಲೆ ಅಂವನ ನನ್ನ ಬೆಳಸ್ಯಾನ. ತಾನ ಕಳಿಸಿದ್ದು ಅಂತ ಗೊತ್ತಾದ್ರ ಅಂವ ಜೀವ ಇಟ್ಕೊಳ್ಳೂದಿಲ್ರಿ ಅಕ್ಕಾರ."

ಹೇಳಿದರೆ ತಾನು ಗೆದ್ದಂತೆ, ಅವನು ಸತ್ತಂತೆ. ಕೆನ್ನೆಯ ಹೊಲಿಗೆ ಚುಚ್ಚುತ್ತಿತ್ತು. ನನ್ನ ಮೇಲೆ ಹಾರೆ ಎತ್ತಿದವನ ಜೀವ ನನಗೇಕೆ ಬೇಕು ಎಂದುಕೊಂಡಳು. ಆದರೆ ಬಾಯಿ, "ಹೇಳೂದಿಲ್ಲಪಾ, ಮಲಕೊ" ಎಂದಿತ್ತು.

*

"ಖಣ್ಯಾಗ ಅರ್ಧಾ ಮಂದಿ ಹಿಂಗ ಹೋಗ್ತಾರ್ರಿ," ಎಂದಳು ಮೆಹಬೂಬಿ ಮಾರನೆಯ ದಿನ. "ನಮ್ಮಾಂವನೂ ಒಮ್ಮೆ ಮೈಲಾರೆಪ್ಪನ ಬದ್ಲಿ ಕಲ್ಲು ಪುಡಿ ಮಾಡೋ ಖಡಿ ಮಷೀನಿಗೆ ಹೋಗಿದ್ದ. ಸಾಹೇಬರಿಗೆ ಎಲ್ಲಾರ ಮಾರೀನೂ ಧೂಳಾಗ ಒಂದ ನಮೂನಿ ಕಾಣತಾವ."

ಅರುಣಾಳ ಪ್ರೋಗ್ರಾಂ ಇಷ್ಟು ದಿನ ಹೆಸರುಗಳನ್ನು ಮಾತ್ರ ಕಾಯ್ದಿತ್ತು. ಆ ಹೆಸರಿನ ಕೆಳಗೆ ಯಾರ ಮೈ ನಿಂತಿದೆ ಎಂದು ಅದಕ್ಕೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಹೊಸ ಕಂಪ್ಯೂಟರ್ ಮುಂದೆ ಕೂತು, ಯಾರನ್ನೂ ಕೇಳದೆ, ಖಣಿಯ ಕೆಲಸಕ್ಕೆ ಹಾಕಿದ್ದ ಎಲ್ಲರನ್ನೂ ಒಮ್ಮೆಲೇ ವಾಪಸ್ ತೆಗೆದಳು. ಒಬ್ಬೊಬ್ಬನ ಮುಖ ನೋಡಿ ಹಾಕುವವರೆಗೆ ಖಣಿ ನಿಲ್ಲಲಿ.

ಖಣಿ ನಿಂತಿತು. ಮಧ್ಯಾಹ್ನದೊಳಗೆ ಮದ್ದಿನ ಕಂತ್ರಾಟುದಾರ ಅಂದಾನೆಪ್ಪ ಜೀಪು ಹತ್ತಿ ಬಂದ.

"ಯಾವಾಕಿ ಆಕಿ ಕೆಲಸ ನಿಲ್ಲಿಸಿದಾಕಿ?"

"ನಾನ್ರಿ. ನಿಮ್ಮ ಹುಡುಗ್ರು ಸಿಡೀದ ಮದ್ದು ಬಿಟ್ಟು ಹೋಗಿದ್ರು. ಅದನ್ನ ನೋಡೂದು ನಿಮ್ಮ ಕೆಲಸ ಆಗಿತ್ತು."

ಅವನು ಮೇಜಿನ ಮೇಲಿಂದ ಕೈ ಚಾಚಿ ಅವಳ ಜಡೆ ಹಿಡಿದು ಎಳೆದ. ಹಣೆ ಮೇಜಿಗೆ ಬಡಿಯಿತು. ಮತ್ತೊಮ್ಮೆ ಬಡಿಯಿತು. ಹೊಸ ಹೊಲಿಗೆ ಬಿಚ್ಚಿಕೊಂಡು ಬಿಸಿ ರಕ್ತ ಬಾಯಿಗೆ ಇಳಿಯಿತು.

ಆಮೇಲೆ ಹಿಡಿತ ಒಮ್ಮೆಲೇ ಸಡಿಲವಾಯಿತು.

ತಲೆ ಎತ್ತಿದಾಗ ಸುಭಾಷ ಅಂದಾನೆಪ್ಪನನ್ನು ಗೋಡೆಗೆ ಒತ್ತಿ ಹೊಡೆಯುತ್ತಿದ್ದ. ನಿನ್ನೆಯ ಏಟಿಗೆ ಅವನ ಒಂದು ಕಣ್ಣು ಮುಚ್ಚಿಹೋಗಿತ್ತು. ಒಂದೇ ಕಣ್ಣಿನಲ್ಲಿ ನೋಡುತ್ತ, ಸದ್ದಿಲ್ಲದೆ ಹೊಡೆಯುತ್ತಿದ್ದ. ನೆಲಕ್ಕೆ ಹಲ್ಲು ಉದುರಿತು. ಅಂದಾನೆಪ್ಪ ಕುಸಿದ ಮೇಲೂ ಅವನ ಮುಷ್ಟಿ ಏಳುತ್ತಲೇ ಇತ್ತು.

ಬೇರೆ ಹುಡುಗಿಯಾಗಿದ್ದರೆ ಕಣ್ತುಂಬಿ ಬರುತ್ತಿತ್ತೇನೋ. ಅರುಣಾ ಬಾಯಿಯ ರಕ್ತ ಉಗುಳಿದಳು.

"ನಿಮಗ ಹೊಡಿಯೂದು ಬಿಟ್ರ ಬ್ಯಾರೆ ಏನೂ ಬರೂದಿಲ್ಲೇನು?"

ಮುಷ್ಟಿ ಗಾಳಿಯಲ್ಲೇ ನಿಂತಿತು.

"ನಿನ್ನೆ ನನಗ, ಇವತ್ತು ಇಂವಗ. ನಾಳೆ ಯಾರಿಗೆ?"

ಸುಭಾಷ ಕೈ ಇಳಿಸಿದ. ಅವಳ ಮುಖದ ರಕ್ತ ನೋಡಿದ, ತನ್ನ ಕೈಯ ರಕ್ತ ನೋಡಿದ. "ಕೇಸ್ ಯಾಕ ಹಾಕಲಿಲ್ಲ ಅಂತ ಕೇಳಾಕ ಬಂದಿದ್ನಿ..." ಎಂದ, ದಾರಿ ತಪ್ಪಿದವನ ಹಾಗೆ.

"ಹೋಗಿ ತಮ್ಮನ ಬಾಜೂ ಕುಂದ್ರಿ."

ಅವನು ಹೋದ. ಅಂದಾನೆಪ್ಪನ ಮೇಲೆ ಮಾತ್ರ ಅವಳು ಕೇಸು ಬರೆಸಿದಳು. ಉಡಚಪ್ಪ ಹಲ್ಲು ಕಡಿದರು, ಪುಣೆಯಿಂದ ಬೈಗುಳ ಬಂತು. ಆದರೆ ಕಂತ್ರಾಟು ಬೇರೆಯವರಿಗೆ ಹೋಯಿತು. ಮುಯ್ಯಿಯನ್ನು ನಿಲ್ಲಿಸಲು ಅರುಣಾಗೆ ಮನಸ್ಸಿರಲಿಲ್ಲ. ಅಪ್ಪ-ಅಜ್ಜರ ಕಾಲದ ಮಾತನ್ನು ಯಾವ ಪ್ರೋಗ್ರಾಂ ನಿಲ್ಲಿಸೀತು? ತನ್ನ ಪ್ರೋಗ್ರಾಮಿಗೇ ಅದನ್ನು ಕಲಿಸಿದಳು. ಒಬ್ಬನ ಬದಲಿ ಇನ್ನೊಬ್ಬ ಹೋಗಲಿ, ಆದರೆ ಅದೇ ತರಬೇತಿ ಆದವನೇ ಹೋಗಬೇಕು, ಮತ್ತು ಅವನ ಹೆಸರೇ ಆ ದಿನಕ್ಕೆ ಬರಬೇಕು. ಬೆಳಿಗ್ಗೆ ಖಣಿಯ ಬಾಗಿಲಲ್ಲಿ ಮುಖ ನೋಡಿಯೇ ಒಳಗೆ ಬಿಡಬೇಕು.

*

ಯುವರಾಜ ಮನೆಗೆ ಬಂದ ಮೇಲೆ ಅರುಣಾ ರಜೆಯ ದಿನಗಳಲ್ಲಿ ಬ್ಯಾಡಗಿಗೆ ಹೋಗತೊಡಗಿದಳು. ಎಡಗೈಯಲ್ಲಿ ಟೈಪ್ ಮಾಡುವುದನ್ನು ಅವನಿಗೆ ಕಲಿಸಬೇಕಿತ್ತು. ಕಾರಣ ಅದೊಂದೇ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಸುಭಾಷನ ತಾಯಿ ಹೊಳಿಯವ್ವ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯ ನಡುವೆ ಕೂತು ತೊಟ್ಟು ಬಿಡಿಸುತ್ತಿದ್ದಳು. ಮೊದಲ ದಿನ ಅರುಣಾ ಬಾಗಿಲಲ್ಲೇ ಸೀನತೊಡಗಿದಾಗ ಮುದುಕಿ ತಲೆ ಎತ್ತದೆ ಅಂದಳು, "ಘಾಟಿಗೆ ಅಂಜಿದ್ರ ಈ ಮನ್ಯಾಗ ಹೆಂಗ ಬಾಳೇವು ಮಾಡ್ತೀಯವಾ?"

"ನಾ ಪಾಠಾ ಹೇಳಾಕ ಬಂದೇನ್ರಿ."

"ನಾ ಏನ್ ಅಂದ್ನಿ ಈಗ? ಕುಂದ್ರು."

ಯುವರಾಜ ನಕ್ಕ. ಕೈ ಹೋದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ಒಳಗಿನ ಬಾಗಿಲಲ್ಲಿ ನಿಂತಿದ್ದ ಸುಭಾಷ ಆ ನಗುವನ್ನು ನೋಡಿ ತಟ್ಟನೆ ಹಿತ್ತಲಿಗೆ ಹೋದ. ಬಹಳ ಹೊತ್ತಿನ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, "ಘಾಟು" ಎಂದ.

ಅವನು ನಿಧಾನ ಬದಲಾದ. ಬೈಯುವುದು ಕಡಿಮೆಯಾಯಿತು. ಸಂಜೆ ಅವಳನ್ನು ಬಸ್ಸಿನವರೆಗೆ ಬಿಡಲು ಬರುತ್ತಿದ್ದ. ಮೊದಮೊದಲು ನಾಲ್ಕು ಹೆಜ್ಜೆ ಹಿಂದೆ, ಆಮೇಲೆ ಪಕ್ಕದಲ್ಲಿ. ಹೊಲದ ಮಾತು, ತಮ್ಮನ ಮಾತು, ಚಿಕ್ಕಂದಿನ ಮಾತು. ಅವಳು ನಕ್ಕರೆ ಅವನ ಬಿರುಸು ಮುಖ ಮೆತ್ತಗಾಗುವುದನ್ನು ಅವಳು ಕಳ್ಳನೋಟದಲ್ಲಿ ಕಾಯುತ್ತಿದ್ದಳು.

'ಇವನನ್ನೇ ಯಾಕೆ... ಊರಲ್ಲಿ ಬೇರೆ ಗಂಡಸರಿರಲಿಲ್ಲವೇ?' ಹೀಗೆ ಕೇಳಿಕೊಂಡವಳೇ ಮುಂದಿನ ರಜೆಗೆ ಮತ್ತೆ ಬಸ್ಸು ಹತ್ತುತ್ತಿದ್ದಳು.

ಮೆಣಸಿನಕಾಯಿ ಕೆಂಪೇರುವ ಹೊತ್ತಿಗೆ, ಒಂದು ಸಂಜೆ, ಬಸ್ ಸ್ಟ್ಯಾಂಡಿನ ಹೊರಗೆ ಅವನು ನಿಂತ.

"ಅರುಣಾ, ಒಂದ್ ಮಾತು ಹೇಳ್ಬೇಕು."

ಅವಳೂ ನಿಂತಳು.

"ನಾ ನಿನ್ನ ಮಾಫ್ ಮಾಡೇನಿ." ಅವನ ದನಿಯಲ್ಲಿ ಎಷ್ಟೊಂದು ಪ್ರೀತಿ. "ನೀ ಬೇಕಂತ ಮಾಡಿಲ್ಲ, ತಪ್ಪು ಯಾರಿಂದ ಆಗೂದಿಲ್ಲ? ಪ್ರಾಯಶ್ಚಿತ್ತಕ್ಕ ಇಷ್ಟು ದಿನ ಬಂದಿ. ಎಲ್ಲಾ ಮರತೇನಿ. ನೀ ನಮ್ಮ ಮನಿಗೆ ಬಾ... ಕಾಯಂ ಬಾ."

ಹಾರೆಯ ಏಟಿಗೆ, ಮೇಜಿನ ಏಟಿಗೆ ಅಳದಿದ್ದವಳ ಕಣ್ಣು ಆಗ ತುಂಬಿತು. ಅವನು ಕೊಟ್ಟಿದ್ದು ಎಷ್ಟು ದೊಡ್ಡದು, ಎಷ್ಟು ಸುಳ್ಳು. ಈ ಮಾಫಿಯನ್ನು ಉಟ್ಟುಕೊಂಡು ಜೀವಮಾನವಿಡೀ ಅವನ ಮನೆಯಲ್ಲಿ ಓಡಾಡಬೇಕೇ? ಜಗಳವಾದ ದಿನವೆಲ್ಲ ಅವನು ಅದನ್ನು ನೆನಪಿಸದೆ ಇರುತ್ತಾನೆಯೇ? ನಾಲಿಗೆಯ ತುದಿಗೆ ಬಂದ ಸತ್ಯವನ್ನು ನುಂಗಿದಳು.

"ನಾ ನಿಮ್ಮ ಮಾಫಿ ಕೇಳಿದ್ನೇನು?"

ಅವನ ಮುಖ ಕಪ್ಪಿಟ್ಟಿತು. "ಒಂದು ಕೈ ಹೋಗೇತಿ ನಮ್ಮ ಮನ್ಯಾಗ. ಇಷ್ಟ ಆದ್ರೂ ನಿನ್ನ ಸೊಕ್ಕು ಇಳೀಲಿಲ್ಲಲ್ಲ."

"ಇಳಿಯೂದಿಲ್ರಿ."

ಬಸ್ಸು ಹತ್ತಿದಳು, ತಿರುಗಿ ನೋಡಲಿಲ್ಲ. ಮಾರನೆಯ ದಿನ ಆಫೀಸಿನಲ್ಲಿ, ಸಾವಿರ ಜನರ ಹೆಸರು ಕೊಟ್ಟಿದ್ದ ಆ ಕಿಂಡಿಗೆ ಮೊದಲ ಬಾರಿ ತನ್ನದೇ ಹೆಸರು ಕೊಟ್ಟಳು: ಕಾಮಗಾರಿ, ರಾಣೆಬೆನ್ನೂರು ಸೇತುವೆ. ಕೆಲಸ, ಯೋಜನಾ ಸಹಾಯಕಿ. ಇಂದಿನಿಂದ. ಪುಣೆ ಒಪ್ಪಿತು, ಯಾಕೆಂದು ಕೇಳಲಿಲ್ಲ.

*

ಸುಗ್ಗಿಯ ಒಂದು ಬೆಳಿಗ್ಗೆ ಯುವರಾಜನ ಫೋನು ಬಂತು. ಮಾತು ಒಂದಕ್ಕೊಂದು ಸೇರುತ್ತಿರಲಿಲ್ಲ.

"ಅಕ್ಕಾರ... ಜಟ್ಟೆಪ್ಪಣ್ಣ ಕಾಯಿ ಬಿಡಸಾಕ ನಮ್ಮ ಹೊಲಕ್ಕ ಬಂದಿದ್ದ. 'ನಿನ್ನ ತಮ್ಮನ ಕೈ ತಿಂದ ಪಾಪಿ ನಾನು, ಸಾಯೂತನಕ ಮುಯ್ಯಿ ಇಲ್ಲದ ದುಡಿತೇನಿ' ಅಂತ ಅಣ್ಣನ ಕಾಲ ಹಿಡದ. ಎಲ್ಲಾ ಹೇಳಿಬಿಟ್ಟ. ಅಣ್ಣ ಅಂವನ್ನ ಹೊಡದ್ನರಿ... ಕಣದಾಗ ಒಣಗಿದ ಕಾಯಿ ಮ್ಯಾಲೆ ಕೆಡವಿ ಹೊಡದ. ರಕ್ತ ಯಾವ್ದು, ಕಾಯಿ ಯಾವ್ದು ಗೊತ್ತಾಗ್ದಂಗ ಹೊಡದ."

"ಜಟ್ಟೆಪ್ಪ ಬದುಕ್ಯಾನಿಲ್ಲ?"

"ಬದುಕ್ಯಾನ್ರಿ, ದವಾಖಾನಿಗೆ ಒಯ್ದಾರ. ಅಂವ ಬಿದ್ದಲ್ಲಿಂದ ಅಂದ, 'ನನ್ನ ಕೊಲ್ಲೋ, ಆದ್ರ ಮುಯ್ಯಿ ತೀರಿಸಿ ಬಾ ಅಂತ ಹುಡುಗನ್ನ ಕಳಿಸಿದಾಂವ ಯಾರು?' ಅಂತ. ಅಣ್ಣ ಕೈ ಬಿಟ್ಟ... ಮಾತಿಲ್ಲ ಕತಿಯಿಲ್ಲ, ಗಾಡಿ ಹತ್ತಿ ಹೋದ. ಖಣಿ ಕಡೆ ಹೋಗ್ಯಾನ್ರಿ ಅಕ್ಕಾರ."

ಖಣಿ ಸೇತುವೆಗೆ ಹತ್ತಿರವೇ ಇತ್ತು. ಕಂಪನಿಯ ಜೀಪಿನಲ್ಲಿ ಅರುಣಾ ಹೋದಾಗ ಕಲ್ಲು ಪುಡಿ ಮಾಡುವ ಖಡಿ ಮಷೀನು ಗುಡುಗುತ್ತಿತ್ತು. ಅದನ್ನು ನಡೆಸುವ ಮೈಲಾರೆಪ್ಪ ತುಟಿ ಒಡೆದುಕೊಂಡು ಕೆಳಗೆ ಬಿದ್ದಿದ್ದ. ಬಂಡೆಗಳು ಜಾರಿ ಹೋಗುವ ಬಾಯಿಯ ಅಂಚಿನಲ್ಲಿ, ಬಿಳಿ ಧೂಳಿನಲ್ಲಿ, ಸುಭಾಷ ಮೊಣಕಾಲೂರಿ ಕೂತಿದ್ದ. ಅಂಗಿಯ ಬಲತೋಳನ್ನು ಭುಜದವರೆಗೆ ಮಡಿಚಿದ್ದ.

ಅವನು ಏನು ಮಾಡಲು ಹೊರಟಿದ್ದಾನೆಂದು ಅವಳಿಗೆ ಆ ಮಡಿಚಿದ ತೋಳು ಹೇಳಿತು.

"ಬಂದ್ ಮಾಡ್ರಿ ಮೈಲಾರೆಪ್ಪಣ್ಣ, ಬಂದ್ ಮಾಡ್ರಿ!" ಎಂದು ಕಿರುಚುತ್ತ ಏಣಿ ಹತ್ತಿದಳು. ಮೈಲಾರೆಪ್ಪ ತೆವಳುತ್ತ ಸ್ವಿಚ್ಚಿನ ಕಡೆ ಹೋದ. ಮಷೀನು ತಕ್ಷಣ ನಿಲ್ಲುವಂಥದ್ದಲ್ಲ, ಅದರ ದವಡೆ ಇನ್ನೂ ಅಗಿಯುತ್ತಿತ್ತು. ಸುಭಾಷ ಕೈ ಮುಂದೆ ಮಾಡಿದ. ಅರುಣಾ ಅವನ ಮಣಿಕಟ್ಟಿಗೆ ಎರಡೂ ಕೈಯಿಂದ ಜೋತುಬಿದ್ದಳು. ಉಗುರು ಅವನ ಚರ್ಮಕ್ಕೆ ಇಳಿಯಿತು. ಅವನು ಕೊಸರಿದ, ಅವಳ ಮೊಣಕೈ ಕಬ್ಬಿಣಕ್ಕೆ ಬಡಿದು ತೊಗಲು ಸುಲಿಯಿತು. ಅವಳು ಬಿಡಲಿಲ್ಲ. ಹಲ್ಲಿನಿಂದಲೂ ಹಿಡಿದಳು.

ದವಡೆ ಒಂದೆರಡು ಸಲ ಒಣಕೆಮ್ಮು ಕೆಮ್ಮಿ ನಿಂತಿತು. ಖಣಿಯಲ್ಲಿ ಧೂಳು ಮಾತ್ರ ಅಲುಗುತ್ತಿತ್ತು.

"ಬಿಡು," ಎಂದ ಸುಭಾಷ. "ಅಂವನ ಕೈ ತಗದಾಂವ ನಾನು. ನನಗ್ಯಾಕ ಎರಡು?"

"ನಿಮಗಲ್ಲ ಅವು. ಅಂವಗ ಬೇಕು. ಅಂಗಿ ಗುಂಡಿ ಯಾರು ಹಾಕ್ತಾರ ಅಂವಗ? ರೊಟ್ಟಿ ಯಾರು ಮುರದ ಕೊಡ್ತಾರ?"

"ಹಂಗಾರ ಹೊಡಿ ನನ್ನ. ಅಲ್ಲಿ ಬಿದ್ದಿರೋ ಹಾರಿಲೆ ಹೊಡಿ."

"ಹೊಡಿಯೂದಿಲ್ಲ. ಪೆಟ್ಟು ತಿಂದ್ರ ನಿಮಗ ಹಗರ ಆಗತೈತಿ. ನಾ ನಿಮ್ಮನ್ನ ಹಗರ ಮಾಡಾಕ ಬಂದಿಲ್ಲ."

ಆಗ ಅವನು ಅತ್ತ. ಖಡಿಯ ರಾಶಿಯ ಮೇಲೆ ಮುಖ ಒತ್ತಿ, ದನ ಅರಚಿದ ಹಾಗೆ ಅತ್ತ. ಅವಳು ಮಣಿಕಟ್ಟು ಬಿಡದೆ ಪಕ್ಕದಲ್ಲಿ ಕೂತಳು. ಅಳು ಇಳಿದ ಮೇಲೆ ಅವನು ಕೇಳಿದ.

"ನಿನಗ ಮೊದಲ ಗೊತ್ತಿತ್ತು?"

"ದವಾಖಾನ್ಯಾಗ ಯುವರಾಜ ಹೇಳಿದ್ದ."

"ಹೇಳಿದ್ರ ನಾ ನಿನ್ನ ಕಾಲಿಗೆ ಬೀಳ್ತಿದ್ನಿ."

"ಕಾಲಿಗೆ ಬೀಳ್ತಿರ್ಲಿಲ್ಲ. ಇಲ್ಲಿಗೆ ಬರ್ತಿದ್ರಿ."

ಅವನು ತಲೆ ತಗ್ಗಿಸಿದ. "ನಿನ್ನ ಮಾಫ್ ಮಾಡೇನಿ ಅಂದ್ನೆಲ್ಲ ನಾನು... ಹೆಂಗ ತಡಕೊಂಡಿ?"

"ಹಾರಿ ಏಟು ತಡಕೊಂಡ್ನಿ. ಅದೊಂದ ಮಾತು ತಡಕೊಳ್ಳಾಕ ಆಗಲಿಲ್ಲ. ಅದಕ್ಕ ಊರ ಬಿಟ್ನಿ." ಅವಳು ಎದ್ದಳು. "ಏಳ್ರಿ. ಮೊದಲ ಮೈಲಾರೆಪ್ಪಣ್ಣನ ಬಾಯಿಗೆ ನೀರು ಹಾಕ್ರಿ. ಆಮ್ಯಾಲೆ ಜಟ್ಟೆಪ್ಪನ ಕಡೆ ಹೋಗೂಣು. ಅಲ್ಲಿಂದ ಪೊಲೀಸ್ ಠಾಣೆ. ನಾ ಹೊಡದೇನಿ ಅಂತ ನಿಮ್ಮ ಬಾಯಿಲೆ ಹೇಳ್ಬೇಕು."

*

ಜಟ್ಟೆಪ್ಪನ ದವಡೆ ಮುರಿದಿತ್ತು. ತಲೆಗೆ, ಕೈಗೆ ಪಟ್ಟಿ. ಸುಭಾಷ ಹಾಸಿಗೆಯ ಪಕ್ಕ ನಿಂತಾಗ ಅವನು ಒಂದೇ ಕಣ್ಣು ತೆರೆದು, ಹಲ್ಲು ಕಚ್ಚಿಕೊಂಡೇ ತೊದಲಿದ, "ಉಳದ ಹಲ್ಲಿಗೆ ಬಂದಿ ಏನಪಾ?"

ಸುಭಾಷ ಅವನ ಕಾಲ ಹತ್ತಿರ ಕೂತ. ನರ್ಸು ಗಂಜಿ ತಂದಾಗ ಬಟ್ಟಲು ತಾನೇ ತೆಗೆದುಕೊಂಡ. ಅದೇ ಕೈ, ಬೆಳಿಗ್ಗೆ ಆ ಬಾಯಿ ಒಡೆದ ಕೈ, ಈಗ ಚಮಚ ಹಿಡಿದು ನಡುಗುತ್ತಿತ್ತು. ಗಂಜಿ ಜಟ್ಟೆಪ್ಪನ ಗದ್ದದ ಮೇಲೆ ಚೆಲ್ಲಿತು.

"ನೆಟ್ಟಗ ಹಾಕಲೇ, ಹೊಡಿಯಾಕ ಇಷ್ಟ್ ನಡುಗಲಿಲ್ಲ ನಿನ್ನ ಕೈ," ಎಂದ ಜಟ್ಟೆಪ್ಪ. ಇಬ್ಬರ ಕಣ್ಣಲ್ಲೂ ನೀರಿತ್ತು.

ಠಾಣೆಯಲ್ಲಿ ಸುಭಾಷ ಏನನ್ನೂ ಬಿಡದೆ ಹೇಳಿದ. ಹಾರೆಯ ಸಂಗತಿಯನ್ನೂ ಹೇಳಿದ. ಕೇಸು ಆಯಿತು. ಕೋರ್ಟಿನ ದಿನ ಬಂದಾಗ ಬರಬೇಕೆಂದು ಬರೆಸಿಕೊಂಡು ಜಾಮೀನಿನ ಮೇಲೆ ಬಿಟ್ಟರು. ಹೊರಗೆ ಬಂದಾಗ ಅರುಣಾ ಬೇವಿನ ಮರದ ಕಟ್ಟೆಯ ಮೇಲೆ ಕೂತು ಮೊಣಕೈಗೆ ಕರವಸ್ತ್ರ ಸುತ್ತಿಕೊಳ್ಳುತ್ತಿದ್ದಳು. ಒಂದೇ ಕೈಯಲ್ಲಿ ಗಂಟು ಬೀಳುತ್ತಿರಲಿಲ್ಲ.

ಅವನು ಎದುರಿಗೆ ಬಂದು ನಿಂತ. "ನಾ ಕಟ್ಟಲೇನು?"

ಅವಳು ಕೈ ಚಾಚಿದಳು. ಅವನು ಹಗುರಾಗಿ, ಗಾಯಕ್ಕೆ ತಾಗದ ಹಾಗೆ ಗಂಟು ಹಾಕಿದ. ಕೈ ಹಿಂದೆ ತೆಗೆಯಲಿಲ್ಲ. ಅವಳೂ ತೆಗೆಯಲಿಲ್ಲ.

"ಅರುಣಾ, ನನ್ನ ಮಾಫ್ ಮಾಡ್ತೀಯೇನು?"

ಅವಳಿಗೆ ಸುಳ್ಳು ಹೇಳುವುದು ಬೇಡವೆನಿಸಿತು.

"ಇವತ್ತು ಆಗೂದಿಲ್ರಿ. ಮನಸ್ಸು ಇನ್ನೂ ಉರಿಯಾಕತ್ತೈತಿ."

ಅವನು ತಲೆಯಾಡಿಸಿದ. ಹೋಗಲು ತಿರುಗಿದ.

"ಎಲ್ಲಿ ಹೊಂಟ್ರಿ?"

"ನೀ ಆಗೂದಿಲ್ಲ ಅಂದ್ಯಲ್ಲ..."

"ಮಾಫಿ ಆಗೂದಿಲ್ಲ ಅಂದ್ನಿ. ಪ್ರೀತಿ ಕೇಳೀರೇನು ನೀವು?"

ಸುಭಾಷ ನಿಂತ.

"ಕೇಳಾಕ ಯಾವ ಮಾರಿ ಐತಿ ನನಗ?"

"ಈ ಮಾರೀನ ಸಾಕು." ಅವಳು ಅವನ ಮುಖವನ್ನೇ ನೋಡಿದಳು. "ಅದನ್ನ ನಾ ಎಂದೋ ಕೊಟ್ಟೇನಿ, ವಾಪಸ್ ಬರವಲ್ದು. ಮಾಫಿ ಮಾತ್ರ ದಿನಾ ಕೇಳ್ಬೇಕು ನೀವು. ಆಗೂತನಕ ಕೇಳ್ಬೇಕು."

"ದಿನಾ ಎಲ್ಲಿ ಬಂದು ಕೇಳ್ಲಿ? ರಾಣೆಬೆನ್ನೂರಿಗೆ?"

ಅರುಣಾ ಕಟ್ಟೆಯಿಂದ ಇಳಿದು, ಅವನು ಗಂಟು ಹಾಕಿದ ಕೈಯನ್ನೇ ಅವನ ಕೈಯೊಳಗಿಟ್ಟಳು.

"ಅಷ್ಟ್ ದೂರ ಯಾಕ ಬರ್ತೀರಿ? ಒಂದ ಮನ್ಯಾಗ ಇದ್ರ ಬೆಳಿಗ್ಗೆ ಎದ್ದ ಕೂಡ್ಲೆ ಕೇಳಬಹುದಲ್ಲ."